ನೀರಿನ ಋಣಭಾರ

ಚಿತ್ರದುರ್ಗದಲ್ಲೋ ಹಿರಿಯೂರಿನಲ್ಲೋ ಒಂದು ಸೈಟು ಕೊಳ್ಳಲು ಹೊರಟವರು ಮೊದಲು ಮಾಡಿಸುವ ಕೆಲಸ ಇ.ಸಿ. ತೆಗೆಸುವುದು. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ 13 ವರ್ಷದ್ದು, ಬ್ಯಾಂಕಿನ ಸಾಲ ಬೇಕಾದರೆ 30 ವರ್ಷದ್ದು. ಅಷ್ಟು ಕಾಲದಲ್ಲಿ ಜಾಗ ಯಾರ ಕೈಯಿಂದ ಯಾರ ಕೈಗೆ ಬಂತು, ಅಡಮಾನ ಇತ್ತೇ, ಅಣ್ಣತಮ್ಮಂದಿರ ಪಾಲು ಸರಿಯಾಗಿ ಆಗಿದೆಯೇ ಎಂದು ವಕೀಲರು ನೋಡಿ ಅಭಿಪ್ರಾಯ ಬರೆದುಕೊಡುತ್ತಾರೆ. ಋಣಭಾರ ಪತ್ರ ಎನ್ನುವುದು ಅದರ ಕನ್ನಡ ಹೆಸರು. ಒಂದು ತುಂಡು ನೆಲದ ಮೇಲೆ ಯಾರ ಯಾರ ಋಣ ಇದೆ ಎಂದು ಹೇಳುವ ಕಾಗದ. ಆದರೆ ಆ ಕಾಗದದಲ್ಲಿ ಒಬ್ಬ ಹಕ್ಕುದಾರನ ಹೆಸರು ಎಂದೂ ಕಾಣುವುದಿಲ್ಲ. ಅದು ನೀರು. ಹಿರಿಯೂರಿನ ಬಳಿ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ 1933ರಲ್ಲಿ ತುಂಬಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ನಡುವೆ 89 ವರ್ಷ. ಮೂವತ್ತು ವರ್ಷದ ಇ.ಸಿ.ಗಳನ್ನು ಮೂರು ಸಲ ಒಂದರ ಹಿಂದೊಂದು ಜೋಡಿಸಿದರೆ ಮಾತ್ರ ಆ ಅಂತರ ತುಂಬುತ್ತದೆ. ನಾವು ಮಾಲೀಕರ ಚರಿತ್ರೆಯನ್ನು ಓದುತ್ತೇವೆ, ನೆಲದ ಚರಿತ್ರೆಯನ್ನು ಓದುವುದಿಲ್ಲ.

ಮದಕರಿಪುರದಿಂದ ಹಿಡಿದು ಹೊಳಲ್ಕೆರೆ, ಹೊಸದುರ್ಗ, ಹಿರಿಯೂರುಗಳವರೆಗಿನ ಈ ಸೀಮೆಯಲ್ಲಿ ಮನೆ ಕಟ್ಟುವ ಮೊದಲು ನೀರಿನ ದಾರಿ ವಿಚಾರಿಸುವುದು ಹೊಸ ಎಚ್ಚರಿಕೆಯಲ್ಲ, ಮರೆತುಹೋದ ಹಳೆಯ ಪದ್ಧತಿ ಎಂಬುದು ಈ ಲೇಖನದ ವಾದ. ಹಿಂದೆ ಆ ವಿಚಾರಣೆಯನ್ನು ಪ್ರತಿಯೊಬ್ಬ ಕೊಳ್ಳುವವನೂ ಬೇರೆಯಾಗಿ ಮಾಡಬೇಕಿರಲಿಲ್ಲ. ಊರು ಎಲ್ಲಿರಬೇಕು, ಗದ್ದೆ ಎಲ್ಲಿರಬೇಕು, ಕೋಡಿಹಳ್ಳ ಎಲ್ಲಿ ಹರಿಯಬೇಕು ಎಂಬ ವಿಂಗಡಣೆಯಲ್ಲೇ ಅದು ಮುಗಿದಿರುತ್ತಿತ್ತು. ಅದಕ್ಕೆ ತಗಲುವ ಖರ್ಚನ್ನೂ ಊರು ಮುಂಗಡವಾಗಿ ಕಟ್ಟುತ್ತಿತ್ತು. ಆ ವಿಂಗಡಣೆ ಕಳೆದುಹೋದ ಮೇಲೆ ಅದರ ಜಾಗಕ್ಕೆ ಬರಬೇಕಿದ್ದ ಎರಡು ವ್ಯವಸ್ಥೆಗಳು, ಅಂದರೆ ಪ್ರವಾಹ ವಲಯದ ನಕ್ಷೆ ಮತ್ತು ಅಪಾಯಕ್ಕೆ ತಕ್ಕ ಬೆಲೆ ಹೇಳುವ ವಿಮೆ, ನಮ್ಮಲ್ಲಿ ಬರಲೇ ಇಲ್ಲ. ಹೀಗಾಗಿ ಇವತ್ತು ಮನೆ ಕೊಳ್ಳುವವನ ಮುಂದೆ ನೀರಿನ ಬಗ್ಗೆ ಮಾತಾಡುವ ಕಾಗದ ಒಂದೂ ಇಲ್ಲ.

ಬರದ ನಾಡಿನಲ್ಲಿ ಪ್ರವಾಹದ ಮಾತೇಕೆ ಎಂದು ಯಾರಾದರೂ ಕೇಳಬಹುದು. ಈ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರ್ ಆಸುಪಾಸು. ಹಿರಿಯೂರಿನಲ್ಲಿ ಅಷ್ಟೂ ಇಲ್ಲದ ವರ್ಷಗಳೇ ಹೆಚ್ಚು. ಕುಡಿಯುವ ನೀರಿಗೆ ಟ್ಯಾಂಕರ್ ಕಾಯುವ ಜನಕ್ಕೆ ಮುಳುಗಡೆಯ ಭಯ ಹೇಳುವುದು ವಿಚಿತ್ರವಾಗಿ ಕಾಣುತ್ತದೆ. ಆದರೆ ಬಯಲುಸೀಮೆಯ ಮಳೆಯ ಸ್ವಭಾವವೇ ಬೇರೆ. ಅದು ಮಲೆನಾಡಿನಂತೆ ತಿಂಗಳುಗಟ್ಟಲೆ ಹನಿಯುವುದಿಲ್ಲ, ನಾಲ್ಕಾರು ದಿನಗಳಲ್ಲಿ ಸುರಿದು ಹೋಗುತ್ತದೆ. ಹಾಗೆ ಸುರಿದದ್ದನ್ನು ಹಿಡಿದಿಡದಿದ್ದರೆ ಉಳಿದ ವರ್ಷಕ್ಕೆ ನೀರಿಲ್ಲ, ಹಿಡಿದಿಟ್ಟು ಉಳಿದದ್ದಕ್ಕೆ ದಾರಿ ಬಿಡದಿದ್ದರೆ ಊರಿಲ್ಲ. ಇಲ್ಲಿ ಇಷ್ಟೊಂದು ಕೆರೆಗಳಿರುವುದಕ್ಕೆ ಬರ ಎಷ್ಟು ಕಾರಣವೋ ಹುಚ್ಚು ಮಳೆಯೂ ಅಷ್ಟೇ ಕಾರಣ. ಚಂದ್ರವಳ್ಳಿಯಲ್ಲಿ ಬಂಡೆಯ ಮೇಲೆ ಕದಂಬರ ಮಯೂರಶರ್ಮ ಬರೆಸಿದ ಪ್ರಾಕೃತ ಶಾಸನವನ್ನು 1929ರಲ್ಲಿ ಎಂ.ಎಚ್. ಕೃಷ್ಣ ಬೆಳಕಿಗೆ ತಂದರು. ಅದರಲ್ಲಿ ಸೋತ ರಾಜರ ಹೆಸರುಗಳನ್ನು ಓದುವ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅದು ಒಂದು ಕೆರೆಯ ಕೆಲಸವನ್ನು ದಾಖಲಿಸಿದೆ ಎಂಬುದರಲ್ಲಿ ತಕರಾರಿಲ್ಲ. ನಾಲ್ಕನೆಯ ಶತಮಾನದ ರಾಜನೊಬ್ಬ ಚಿತ್ರದುರ್ಗದ ಬಂಡೆಯ ಮೇಲೆ ಹೇಳಿಸಲು ಆರಿಸಿಕೊಂಡ ಮಾತು ಕೆರೆಯದ್ದು. ಹೊಳಲ್ಕೆರೆ, ಚಳ್ಳಕೆರೆ, ಭೀಮಸಮುದ್ರ ಎಂಬ ಹೆಸರುಗಳೂ ಅದನ್ನೇ ಹೇಳುತ್ತವೆ. ಇಲ್ಲಿ ಊರಿಗೆ ಕೆರೆಯಿಂದ ಹೆಸರು ಬಂತು.

ಕೆರೆ ಎಂದರೆ ಬರೀ ನೀರು ನಿಂತ ಜಾಗವಲ್ಲ. ಏರಿ, ತೂಬು, ಕೋಡಿ, ಕೋಡಿಹಳ್ಳ, ಅಚ್ಚುಕಟ್ಟು ಎಲ್ಲವೂ ಸೇರಿ ಕೆರೆ. ಇವುಗಳಲ್ಲಿ ಮನೆ ಕೊಳ್ಳುವವನಿಗೆ ಮುಖ್ಯವಾದದ್ದು ಕೋಡಿ. ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಏರಿಯನ್ನು ಒಡೆಯದೆ ಹೊರಗೆ ಹೋಗುವ ಬಾಗಿಲು ಅದು. ಕೋಡಿಯ ಮಟ್ಟ ಗೊತ್ತಾದರೆ ಕೆರೆಯ ಒಳಗೆ ಎಲ್ಲಿಯವರೆಗೆ ನೀರು ಹರಡುತ್ತದೆ ಎಂದು ಗೊತ್ತಾಗುತ್ತದೆ. ಕೋಡಿಹಳ್ಳದ ಜಾಡು ಗೊತ್ತಾದರೆ ಹೊರಗೆ ಎಲ್ಲಿ ಹರಿಯುತ್ತದೆ ಎಂದು ತಿಳಿಯುತ್ತದೆ. ಒಂದು ಕೆರೆಯ ಕೋಡಿ ಇನ್ನೊಂದು ಕೆರೆಯ ಒಳಹರಿವು ಆಗುವಂತೆ ಸಾಲಾಗಿ ಕಟ್ಟುತ್ತಿದ್ದರು. ಚಿತ್ರದುರ್ಗದ ಕೋಟೆಯಲ್ಲಿ ಈ ಲೆಕ್ಕಾಚಾರವನ್ನು ಇವತ್ತಿಗೂ ಕಣ್ಣಾರೆ ಕಾಣಬಹುದು. ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕತಂಗಿಯರ ಹೊಂಡಕ್ಕೆ, ಅಲ್ಲಿಂದ ಕೆಳಗಿಳಿದು ಸಿಹಿನೀರು ಹೊಂಡಕ್ಕೆ, ಕೊನೆಗೆ ಪೇಟೆಯ ಸಂತೆ ಹೊಂಡಕ್ಕೆ. ಮುತ್ತಿಗೆಯ ಕಾಲದಲ್ಲಿ ನೀರು ಉಳಿಸುವುದಕ್ಕೆ ನಾಯಕರು ಮಾಡಿಕೊಂಡ ಏರ್ಪಾಡು ಎಂದೇ ಪ್ರವಾಸಿಗರಿಗೆ ಇದನ್ನು ವಿವರಿಸುತ್ತಾರೆ. ಅದು ನಿಜವೇ. ಜೊತೆಗೆ, ಬಂಡೆಗಲ್ಲಿನ ಬೆಟ್ಟದ ಮೇಲೆ ಬಿದ್ದ ಮಳೆ ಒಮ್ಮೆಲೇ ಕೆಳಗಿನ ಪೇಟೆಯ ಮೇಲೆ ಧುಮುಕದಂತೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸುವ ಏರ್ಪಾಡೂ ಹೌದು. ಬೆಟ್ಟದ ಬುಡದಲ್ಲಿ ಮನೆ ಕಟ್ಟಿದವರ ನೆಮ್ಮದಿ ಆ ಹೊಂಡಗಳ ಮೇಲೆ ನಿಂತಿತ್ತು.

ಇದಕ್ಕೆ ಖರ್ಚು ಬರುತ್ತಿತ್ತು, ಆ ಖರ್ಚು ಎಲ್ಲಿಂದ ಬರುತ್ತಿತ್ತು ಎಂಬುದು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು. ಕೆರೆ ಕಟ್ಟಿದವರಿಗೆ, ಕಾಲಕಾಲಕ್ಕೆ ಹೂಳು ತೆಗೆದು ಏರಿ ಭದ್ರ ಮಾಡುವವರಿಗೆ ಗದ್ದೆ ಬಿಟ್ಟುಕೊಡುತ್ತಿದ್ದರು. ಶಾಸನಗಳಲ್ಲಿ ಕಟ್ಟುಕೊಡಗೆ, ದಶವಂದ, ಬಿತ್ತುವಟ್ಟ ಎಂಬ ಹೆಸರುಗಳಲ್ಲಿ ಕಾಣುವುದು ಇವೇ. ಕೆರೆಯ ನೀರು ಉಂಡ ಗದ್ದೆಯ ಒಂದು ಪಾಲು ಕೆರೆಯ ರಕ್ಷಣೆಗೆ ಮರಳುತ್ತಿತ್ತು. ಇದನ್ನು ವಿಮೆಯ ಕಂತಿಗೆ ಹೋಲಿಸಬಹುದು, ಆದರೆ ಒಂದು ವ್ಯತ್ಯಾಸ ಇದೆ. ವಿಮೆ ಮನೆ ಬಿದ್ದ ಮೇಲೆ ಹಣ ಕೊಡುತ್ತದೆ. ಕಟ್ಟುಕೊಡಗೆ ಮನೆ ಬೀಳದಂತೆ ಪ್ರತಿವರ್ಷ ಕೊಡುವ ಕಂತು. ತೂಬು ಎತ್ತುವ, ಕೋಡಿ ಕಾಯುವ ನೀರಗಂಟಿಯ ಕೂಲಿಯೂ ಸುಗ್ಗಿಯಲ್ಲಿ ಕಣದಿಂದಲೇ ಸಲ್ಲುತ್ತಿತ್ತು. ಮಳೆಯ ರಾತ್ರಿ ಏರಿಯ ಮೇಲೆ ಲಾಟೀನು ಹಿಡಿದು ನಿಲ್ಲುತ್ತಿದ್ದ ಆ ಮನುಷ್ಯನಿಗೆ ಊರಿನ ಯಾವ ಮನೆಯ ಹೊಸಿಲಿಗೆ ಎಷ್ಟು ಹೊತ್ತಿಗೆ ನೀರು ಬರುತ್ತದೆ ಎಂಬುದು ಬಾಯಿಪಾಠ ಆಗಿರುತ್ತಿತ್ತು.

ಹೀಗೆಂದು ಹಳೆಯ ಕಾಲವನ್ನು ಹಾಡಿ ಹೊಗಳಬೇಕಿಲ್ಲ. ಕೆರೆ ಒಡೆಯುವುದು ಅಪರೂಪವೇನೂ ಆಗಿರಲಿಲ್ಲ. ಸಾಲಿನ ಮೇಲಿನ ಒಂದು ಕೆರೆ ಒಡೆದರೆ ಅದರ ಹೊಡೆತಕ್ಕೆ ಕೆಳಗಿನವೂ ಒಡೆಯುತ್ತಿದ್ದವು. ಊರು ದಿಣ್ಣೆಯ ಮೇಲಿದ್ದರೂ ಆ ದಿಣ್ಣೆ ಎಲ್ಲರಿಗೂ ಸೇರಿದ್ದಾಗಿರಲಿಲ್ಲ. ಕೇರಿ ಎಲ್ಲಿರಬೇಕೆಂದು ಕೇರಿಯವರು ತೀರ್ಮಾನಿಸಲಿಲ್ಲ. ನೀರಗಂಟಿಗಳಲ್ಲಿ ಬಹಳಷ್ಟು ಜನ ದಲಿತರೇ ಆಗಿದ್ದರು. ನೀರಿನ ತಿಳಿವಳಿಕೆ ಅವರದು, ಆ ನೀರು ಉಂಡ ಗದ್ದೆ ಬೇರೆಯವರದು. ಈ ಅನ್ಯಾಯವನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. ಏಕೆಂದರೆ ಇವತ್ತು ತಗ್ಗಿನ ಸೈಟು ಯಾರ ಪಾಲಿಗೆ ಬರುತ್ತದೆ ಎಂಬ ಪ್ರಶ್ನೆಗೂ ಇದಕ್ಕೂ ಸಂಬಂಧ ಇದೆ. ಆದರೂ ಒಂದು ಮಾತು ಉಳಿಯುತ್ತದೆ. ಆ ವ್ಯವಸ್ಥೆಯಲ್ಲಿ ನೀರಿನ ದಾರಿ ಯಾವುದೆಂಬುದು ಗುಟ್ಟಾಗಿರಲಿಲ್ಲ. ಅದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಇವತ್ತು ಅದು ಗೊತ್ತಿರುವುದು ಮಾರುವವನಿಗೆ ಮಾತ್ರ.

1860ರ ದಶಕದಲ್ಲಿ ಮುಂಬೈ ಪದ್ಧತಿಯ ಕಂದಾಯ ಸರ್ವೆ ಮೈಸೂರು ಸೀಮೆಗೆ ಬಂದಾಗ ಈ ತಿಳಿವಳಿಕೆಯ ಒಂದು ಭಾಗ ಕಾಗದಕ್ಕೆ ಇಳಿಯಿತು. ಸರಪಳಿ ಹಿಡಿದು ಅಳೆದವರು ಪ್ರತಿ ಸರ್ವೆ ನಂಬರಿನಲ್ಲೂ ಕಂದಾಯ ಹಾಕಲಾಗದ ಜಾಗವನ್ನು ಖರಾಬು ಎಂದು ಬೇರೆ ಮಾಡಿದರು. ಕಲ್ಲುಬಂಡೆ, ಕಣದಂಥದ್ದು ಅ-ಖರಾಬು. ಹಳ್ಳ, ಕೆರೆ, ದಾರಿ, ಸ್ಮಶಾನದಂಥ ಸಾರ್ವಜನಿಕ ಜಾಗ ಬ-ಖರಾಬು. ಅಧಿಕಾರಿಗಳ ಉದ್ದೇಶ ತೆರಿಗೆಯ ಲೆಕ್ಕ ಮಾತ್ರ. ಆದರೆ ಆ ಲೆಕ್ಕದ ನೆವದಲ್ಲಿ ನೂರೈವತ್ತು ವರ್ಷದ ಹಿಂದೆ ನೀರು ಎಲ್ಲಿ ಹರಿಯುತ್ತಿತ್ತು ಎಂಬುದು ಟಿಪ್ಪಣಿಯಲ್ಲಿ, ಆಕಾರಬಂದಿನಲ್ಲಿ, ಗ್ರಾಮ ನಕ್ಷೆಯಲ್ಲಿ ದಾಖಲಾಗಿಬಿಟ್ಟಿತು. ನನ್ನ ದೃಷ್ಟಿಯಲ್ಲಿ ಈ ನಾಡಿಗೆ ಇರುವ ಏಕೈಕ ಪ್ರವಾಹ ನಕ್ಷೆ ಅದೇ. ಪ್ರವಾಹ ನಕ್ಷೆ ಎಂಬ ಹೆಸರು ಅದಕ್ಕೆ ಇಲ್ಲ ಅಷ್ಟೆ. ಉಳಿದ ಭಾಗ, ಅಂದರೆ ಹಳ್ಳ ಉಕ್ಕಿದರೆ ಎಷ್ಟು ಅಗಲಕ್ಕೆ ಹರಡುತ್ತದೆ ಎಂಬುದು, ಶಾನುಭೋಗ, ಪಟೇಲ, ನೀರಗಂಟಿಗಳ ತಲೆಯಲ್ಲೇ ಉಳಿಯಿತು. 1961ರ ಗ್ರಾಮಾಧಿಕಾರಗಳ ರದ್ದತಿ ಕಾಯ್ದೆ ವಂಶಪಾರಂಪರ್ಯದ ಆ ಹುದ್ದೆಗಳನ್ನು ತೆಗೆದುಹಾಕಿತು. ತೆಗೆದುಹಾಕಬೇಕಾಗಿಯೂ ಇತ್ತು, ಹುಟ್ಟಿನಿಂದ ಬರುವ ಅಧಿಕಾರಕ್ಕೆ ಗಣರಾಜ್ಯದಲ್ಲಿ ಜಾಗವಿಲ್ಲ. ಆದರೆ ಹುದ್ದೆಯ ಜೊತೆಗೆ ಅವರ ತಲೆಯಲ್ಲಿದ್ದುದನ್ನು ಬರೆದಿಟ್ಟುಕೊಳ್ಳುವ ಕೆಲಸ ಆಗಲಿಲ್ಲ.

ಅಷ್ಟರಲ್ಲಿ ಆಳುವವರ ಗಮನವೆಲ್ಲ ಬರದ ಕಡೆಗೆ ತಿರುಗಿ ಬಹಳ ಕಾಲವಾಗಿತ್ತು. ಅದಕ್ಕೆ ಕಾರಣ 1876ರಿಂದ 78ರವರೆಗಿನ ಮಹಾ ಕ್ಷಾಮ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕಿಂತ ಕೆಳಗಿಳಿದಿತ್ತು. ಅಂಥ ಸಾವು ಕಂಡ ರಾಜ್ಯ ನೀರನ್ನು ಹಿಡಿದಿಡುವುದನ್ನು ಬಿಟ್ಟು ಬೇರೇನನ್ನೂ ಯೋಚಿಸದಿದ್ದರೆ ಅದು ತಪ್ಪಲ್ಲ. 1883ರಿಂದ 1901ರವರೆಗೆ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಮಾರಿಕಣಿವೆಯಲ್ಲಿ ವೇದಾವತಿಗೆ ಅಣೆಕಟ್ಟು ಹಾಕುವ ಕೆಲಸಕ್ಕೆ ಕೈಹಾಕಿದರು. 1898ರಲ್ಲಿ ಆರಂಭವಾದ ಕೆಲಸ 1907ಕ್ಕೆ ಮುಗಿಯಿತು, ಕೆಲಸ ಶುರುವಾದಾಗ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರು ಜಲಾಶಯಕ್ಕೆ ಬಂತು. ಇದೇ ದಿವಾನರ ಕಾಲದಲ್ಲಿ, 1891ರಲ್ಲಿ, ಸಂಸ್ಥಾನದ ನೌಕರರಿಗೆ ಸರ್ಕಾರಿ ಜೀವ ವಿಮೆಯೂ ಶುರುವಾಯಿತು. ಇವತ್ತಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ (ಕೆ.ಜಿ.ಐ.ಡಿ.) ಮೂಲ ಅದು. ಒಂದು ತಲೆಮಾರಿನ ನಂತರ ಮೈಸೂರಿನ ಅಧಿಕಾರಿ ಜೆ.ಎಸ್. ಚಕ್ರವರ್ತಿ ಇನ್ನೂ ಮುಂದೆ ಹೋಗಿ, ಮಳೆಮಾಪಕದಲ್ಲಿ ಇಂತಿಷ್ಟಕ್ಕಿಂತ ಕಡಿಮೆ ಮಳೆ ದಾಖಲಾದರೆ ಆ ಪ್ರದೇಶದ ರೈತರಿಗೆಲ್ಲ ಪರಿಹಾರ ಕೊಡುವ ಮಳೆ ವಿಮೆಯ ಯೋಜನೆಯನ್ನು ರೂಪಿಸಿದರು. 1920ರಲ್ಲಿ ಅದು ಪುಸ್ತಕವಾಗಿ ಬಂತು. ಇವತ್ತು ಹೊಳಲ್ಕೆರೆಯ ಅಡಿಕೆ ಬೆಳೆಗಾರರಿಗೆ ಪರಿಚಯವಿರುವ ಹವಾಮಾನ ಆಧಾರಿತ ಬೆಳೆ ವಿಮೆಯ ಮೂಲ ಆಲೋಚನೆ ಶತಮಾನದ ಹಿಂದೆಯೇ ಈ ಸಂಸ್ಥಾನದಲ್ಲಿ ಹುಟ್ಟಿತ್ತು ಎಂಬುದು ಹೆಮ್ಮೆಯ ವಿಷಯ. ಆದರೆ ಗಮನಿಸಿ, ಜೀವಕ್ಕೆ ವಿಮೆ ಬಂತು, ಬೆಳೆಗೆ ವಿಮೆಯ ಆಲೋಚನೆ ಬಂತು, ಮನೆಗೆ ಬರಲಿಲ್ಲ. ಮಳೆ ಬಾರದಿರುವುದನ್ನು ಅಳೆಯಲು ಕಲಿತೆವು. ಹೆಚ್ಚಾಗಿ ಬರುವುದನ್ನು ಅಳೆಯುವ ಅಗತ್ಯ ಯಾರಿಗೂ ಕಾಣಲಿಲ್ಲ.

ಹಾಗೆ ಕಾಣದಿರುವುದಕ್ಕೆ ಅಣೆಕಟ್ಟಿನ ಯಶಸ್ಸೇ ಒಂದು ಕಾರಣ. ವಾಣಿವಿಲಾಸ ಸಾಗರದ ಸಾಮರ್ಥ್ಯ ಸುಮಾರು 30 ಟಿ.ಎಂ.ಸಿ. ಅಡಿ. ಬಾಬಾಬುಡನ್ ಗಿರಿಯ ಕಡೆಯಿಂದ ಬರುವ ವೇದಾ ಮತ್ತು ಅವತಿ ಹಳ್ಳಗಳು ಕಡೂರಿನ ಬಳಿ ಕೂಡಿ ವೇದಾವತಿ ಆಗುತ್ತವೆ. ದಾರಿಯಲ್ಲಿ ಅಯ್ಯನಕೆರೆ, ಮದಗದಕೆರೆಗಳು ತಮ್ಮ ಪಾಲು ಹಿಡಿದುಕೊಂಡ ಮೇಲೆ ಉಳಿದದ್ದು ಹೊಸದುರ್ಗದ ಮೂಲಕ ಕಣಿವೆಗೆ ಬರಬೇಕು. ಅಂಥ ನದಿಯ ಸಾಧಾರಣ ವರ್ಷದ ಹರಿವಿಗೆ ಹೋಲಿಸಿದರೆ ಜಲಾಶಯ ತುಂಬ ದೊಡ್ಡದು. ಬಂದ ಪ್ರವಾಹವನ್ನೆಲ್ಲ ಅದು ನುಂಗುತ್ತಾ ಹೋಯಿತು. ಕೆಳಗೆ ಹಿರಿಯೂರಿನ ಜನಕ್ಕೆ ವೇದಾವತಿ ಮಳೆಗಾಲದಲ್ಲೂ ಮರಳಿನ ಬಯಲಾಗಿಯೇ ಕಂಡಿತು. ಮೇಲೆ ಹೊಸದುರ್ಗದ ಕಡೆ, ಹಿನ್ನೀರು ಬರಬೇಕಾದ ಜಾಗದಲ್ಲಿ ನೀರೇ ಬಾರದೆ ಅಜ್ಜನ ಕಾಲ, ಅಪ್ಪನ ಕಾಲ ಕಳೆದವು. ಹುಟ್ಟಿದಾಗಿನಿಂದ ಒಣಗಿದ ಹೊಳೆಯನ್ನೇ ಕಂಡವನು ಅದರ ದಂಡೆಯಲ್ಲಿ ಮನೆ ಕಟ್ಟಿದರೆ ಅವನನ್ನು ಮೂರ್ಖ ಎನ್ನುವುದು ಸರಿಯಲ್ಲ. ತನ್ನ ಕಣ್ಣು ಹೇಳಿದ್ದನ್ನು ಅವನು ನಂಬಿದ. ಅಮೆರಿಕದ ಭೂಗೋಳಶಾಸ್ತ್ರಜ್ಞ ಗಿಲ್ಬರ್ಟ್ ವೈಟ್ 1940ರ ದಶಕದಲ್ಲೇ ಇದನ್ನು ಗುರುತಿಸಿದ್ದರು. ಪ್ರವಾಹ ತಡೆಯುವ ಕಟ್ಟೆ ಕಟ್ಟಿದಷ್ಟೂ ಅದರ ಭರವಸೆಯಲ್ಲಿ ಜನ ತಗ್ಗಿಗೆ ಇಳಿಯುತ್ತಾರೆ, ಒಂದು ದಿನ ಕಟ್ಟೆಯ ಮಿತಿ ಮೀರಿದ ನೀರು ಬಂದಾಗ ನಷ್ಟ ಮೊದಲಿಗಿಂತ ದೊಡ್ಡದಾಗುತ್ತದೆ. ಅವರ ಕಣ್ಣ ಮುಂದಿದ್ದದ್ದು ಅಮೆರಿಕದ ದೊಡ್ಡ ನದಿಗಳು. ಮಾತು ವೇದಾವತಿಗೂ ಅಷ್ಟೇ ಸಲ್ಲುತ್ತದೆ.

2022ರ ಮಳೆಗಾಲದಲ್ಲಿ ಆ ಮಿತಿ ಬಂತು. ನೀರು 130 ಅಡಿಯ ಮಟ್ಟ ದಾಟಿ ಕೋಡಿಯ ಮೇಲೆ ಹರಿಯಿತು. ಜಿಲ್ಲೆಯ ಜನ ಹಬ್ಬದಂತೆ ನೋಡಲು ಬಂದರು. ಎರಡು ತಲೆಮಾರು ಕಾಣದ ದೃಶ್ಯಕ್ಕೆ ಸಂಭ್ರಮಿಸಿದ್ದು ಸಹಜವೇ. ಅದೇ ಹೊತ್ತಿನಲ್ಲಿ ಹಿರಿಯೂರಿನ ತಗ್ಗಿನ ಮನೆಗಳಿಗೆ ನೀರು ನುಗ್ಗಿತ್ತು, ಹೊಸದುರ್ಗ ತಾಲ್ಲೂಕಿನ ಹಿನ್ನೀರಿನ ಹಳ್ಳಿಗಳಲ್ಲಿ ತೋಟ, ಹೊಲ, ಮನೆಗಳು ನೀರಿನಲ್ಲಿ ನಿಂತಿದ್ದವು. ಜಲಾಶಯದಲ್ಲಿ ನೀರು ಕಡಿಮೆ ನಿಲ್ಲಿಸಿ ಎಂಬ ಬೇಡಿಕೆ ಮೇಲಿನವರದ್ದು, ಪೂರ್ತಿ ನಿಲ್ಲಿಸಿ ಎಂಬುದು ಕೆಳಗಿನ ಅಚ್ಚುಕಟ್ಟಿನವರದ್ದು. ಎರಡರಲ್ಲೂ ನ್ಯಾಯ ಇದೆ. ಆದರೆ ಕೋಡಿಯ ಮಟ್ಟ 1907ರಲ್ಲೇ ಕಲ್ಲಿನಲ್ಲಿ ನಿಗದಿಯಾಗಿತ್ತು. ಆ ಮಟ್ಟದ ಗೆರೆಯನ್ನು ಹಿನ್ನೀರಿನ ಸುತ್ತ ಎಳೆದು, ಅದರ ಒಳಗೆ ಬರುವ ಪ್ರತಿ ಸರ್ವೆ ನಂಬರಿನ ಪಹಣಿಯಲ್ಲಿ ಒಂದು ಸಾಲು ಬರೆದಿಟ್ಟಿದ್ದರೆ, ಆ ಜಮೀನು ಕೊಂಡವರಿಗೆ ತಾವು ಏನನ್ನು ಕೊಳ್ಳುತ್ತಿದ್ದೇವೆ ಎಂದಾದರೂ ತಿಳಿಯುತ್ತಿತ್ತು.

ತೊಂಬತ್ತು ವರ್ಷಕ್ಕೊಮ್ಮೆ ಬರುವುದಕ್ಕೆ ಇಷ್ಟೆಲ್ಲ ಏಕೆ, ಇನ್ನು ನಮ್ಮ ಮೊಮ್ಮಕ್ಕಳ ಕಾಲಕ್ಕೆ ತಾನೇ ಎಂಬುದು ಆಗ ಕೇಳಿಬಂದ ಸಮಾಧಾನ. ಅದಕ್ಕೆ ಉತ್ತರ ಕೊಡಲು ಜಲಾಶಯ ಹೆಚ್ಚು ಕಾಯಿಸಲಿಲ್ಲ. 2025ರ ಜನವರಿಯಲ್ಲಿ, ಎರಡೂವರೆ ವರ್ಷ ತುಂಬುವ ಮೊದಲೇ, ಮತ್ತೆ ಕೋಡಿ ಬಿತ್ತು. ಅದೂ ಮಳೆಗಾಲ ಮುಗಿದ ಮೇಲೆ. ಏಕೆಂದರೆ ಈಗ ಜಲಾಶಯಕ್ಕೆ ಬರುವುದು ವೇದಾವತಿಯ ನೀರು ಮಾತ್ರವಲ್ಲ. 2019ರಿಂದ ಭದ್ರಾ ಮೇಲ್ದಂಡೆ ಯೋಜನೆಯ ನೀರೂ ಸೇರುತ್ತಿದೆ. ಹಳೆಯ 89 ವರ್ಷದ ಲೆಕ್ಕ ಬೇರೆ ನದಿಯ ಲೆಕ್ಕವಾಯಿತು. ಅದು ಹಾಗಿರಲಿ, ಅಪರೂಪ ಎಂಬ ಮಾತನ್ನೇ ತೂಗಿ ನೋಡೋಣ. ಅಮೆರಿಕದಲ್ಲಿ ನೂರು ವರ್ಷದ ಪ್ರವಾಹ ಎಂದು ಕರೆಯುವುದು ಯಾವುದೇ ಒಂದು ವರ್ಷದಲ್ಲಿ ನೂರಕ್ಕೆ ಒಂದು ಪಾಲು ಬರುವ ಸಂಭವ ಇರುವ ಪ್ರವಾಹವನ್ನು. ನೂರು ವರ್ಷ ಕಾದು ಬರುತ್ತದೆ ಎಂಬ ಅರ್ಥ ಅದಕ್ಕಿಲ್ಲ. ಮನೆ ಸಾಲ 20 ವರ್ಷದ್ದಾದರೆ ಆ ಅವಧಿಯೊಳಗೆ ಅಂಥ ಪ್ರವಾಹ ಒಮ್ಮೆಯಾದರೂ ಬರುವ ಸಂಭವ ನೂರಕ್ಕೆ 18. ಸಾಲ 30 ವರ್ಷದ್ದಾದರೆ ನೂರಕ್ಕೆ 26. ನಾಲ್ಕರಲ್ಲಿ ಒಂದು ಪಾಲು. ಹಕ್ಕುಪತ್ರದಲ್ಲಿ ಅಷ್ಟು ಅನುಮಾನ ಇದ್ದರೆ ಯಾವ ವಕೀಲರೂ ಸೈಟು ಕೊಳ್ಳಿ ಎಂದು ಬರೆದುಕೊಡುವುದಿಲ್ಲ.

ವಿಮೆ ಇದೆಯಲ್ಲ ಎಂಬ ಮಾತಿಗೆ ಬರೋಣ. ಅಮೆರಿಕ 1968ರಲ್ಲಿ ರಾಷ್ಟ್ರೀಯ ಪ್ರವಾಹ ವಿಮೆಯ ಯೋಜನೆ ತಂದಿತು. 1973ರ ಕಾನೂನು ಅಪಾಯದ ವಲಯದಲ್ಲಿ ಸಾಲ ಪಡೆದು ಮನೆ ಕೊಳ್ಳುವವರಿಗೆ ಅದನ್ನು ಬಹುಮಟ್ಟಿಗೆ ಕಡ್ಡಾಯ ಮಾಡಿತು. ಆ ಯೋಜನೆ ಸಾಲದಲ್ಲಿ ಮುಳುಗಿದೆ, ನಕ್ಷೆಗಳು ಹಳತಾಗಿವೆ ಎಂಬ ದೂರುಗಳಿವೆ. ಆದರೂ ಅಲ್ಲಿ ಕೊಳ್ಳುವವನು ವಿಮೆಯ ಕಂತು ಎಷ್ಟೆಂದು ಕೇಳಿದ ಕ್ಷಣ ಆ ಅಂಕಿ ನೆಲದ ಬಗ್ಗೆ ಏನನ್ನೋ ಹೇಳುತ್ತದೆ. ನಮ್ಮಲ್ಲಿ ಕಂತು ಮೂಕ. 2007ರವರೆಗೆ ಜಾರಿಯಲ್ಲಿದ್ದ ಅಗ್ನಿ ವಿಮೆಯ ದರಪಟ್ಟಿಯಲ್ಲಿ ಭೂಕಂಪಕ್ಕೆ ವಲಯಗಳಿದ್ದವು, ಪ್ರವಾಹಕ್ಕೆ ಅಂಥ ವಲಯ ಇರಲಿಲ್ಲ. ಕೋಡಿಹಳ್ಳದ ಮಗ್ಗುಲಿನ ಮನೆಗೂ ಜೋಗಿಮಟ್ಟಿ ಬೆಟ್ಟದ ಇಳಿಜಾರಿನ ಮನೆಗೂ ಅದು ಒಂದೇ ಲೆಕ್ಕ. 2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರ ಭಾರತ್ ಗೃಹ ರಕ್ಷಾ ಎಂಬ ಏಕರೂಪದ ಪಾಲಿಸಿಯನ್ನು ಎಲ್ಲ ಕಂಪನಿಗಳೂ ಕೊಡಬೇಕೆಂದು ಮಾಡಿದೆ. ಒಳ್ಳೆಯ ಕೆಲಸ. ಬೆಂಕಿಯ ಜೊತೆಗೆ ಪ್ರವಾಹ, ಜಲಾವೃತ, ಬಿರುಗಾಳಿ ಎಲ್ಲವೂ ಅದರಲ್ಲಿ ಸೇರಿವೆ, ಹತ್ತು ವರ್ಷದವರೆಗೆ ಒಮ್ಮೆಲೇ ಮಾಡಿಸಬಹುದು, ಮನೆಯ ಸಾಮಾನಿಗೂ ಕಟ್ಟಡದ ಮೊತ್ತದ ನೂರಕ್ಕೆ 20ರಷ್ಟು, ಗರಿಷ್ಠ 10 ಲಕ್ಷದವರೆಗೆ, ತಾನಾಗಿ ರಕ್ಷಣೆ ಸಿಗುತ್ತದೆ. ಮನೆ ಇರುವ ಪ್ರತಿಯೊಬ್ಬರೂ ಮಾಡಿಸಬೇಕು ಎಂದೇ ನಾನು ಹೇಳುತ್ತೇನೆ. ಆದರೆ ಅದು ಕೊಡುವುದು ಕಟ್ಟಡವನ್ನು ಮತ್ತೆ ಕಟ್ಟುವ ವೆಚ್ಚ. ನೆಲದ ಬೆಲೆ ಅದರಲ್ಲಿ ಇಲ್ಲ. ಒಮ್ಮೆ ಮುಳುಗಿದ ಲೇಔಟಿನಲ್ಲಿ ಕುಸಿಯುವುದು ಇಟ್ಟಿಗೆಯ ಬೆಲೆಯಲ್ಲ, ಸೈಟಿನ ಬೆಲೆ. ಇನ್ನೊಂದು ಗೊಂದಲವೂ ಇದೆ. ಸಾಲದ ಜೊತೆ ಮಾಡಿಸಿದ ವಿಮೆ ಬಹಳ ಸಲ ಸಾಲಗಾರನ ಜೀವದ ಮೇಲಿನದ್ದು, ಮನೆಯ ಮೇಲಿನದ್ದಲ್ಲ. ಅದು ಗೊತ್ತಾಗುವುದು ನೀರು ಬಂದು ಹೋದ ಮೇಲೆ.

ನಕ್ಷೆಯ ವಿಷಯದಲ್ಲೂ ಇದೇ ಕಥೆ. ಪ್ರವಾಹ ಬಯಲನ್ನು ವಲಯಗಳಾಗಿ ವಿಂಗಡಿಸಿ ಎಲ್ಲಿ ಮನೆ ಕಟ್ಟಬಹುದು, ಎಲ್ಲಿ ಕೂಡದು ಎಂದು ಹೇಳುವ ಮಾದರಿ ಮಸೂದೆಯನ್ನು ಕೇಂದ್ರ 1975ರಲ್ಲೇ ರಾಜ್ಯಗಳಿಗೆ ಕಳಿಸಿತು. ಮಣಿಪುರ, ರಾಜಸ್ಥಾನ, ಉತ್ತರಾಖಂಡದಂಥ ಕೆಲವೇ ರಾಜ್ಯಗಳು ಕಾನೂನು ಮಾಡಿದವು. ಕರ್ನಾಟಕ ಆ ಸಾಲಿನಲ್ಲಿಲ್ಲ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ದೊಡ್ಡ ಅಣೆಕಟ್ಟುಗಳಿಗೆಲ್ಲ ತುರ್ತು ಕಾರ್ಯಯೋಜನೆ ಬೇಕೆಂದು ಹೇಳುತ್ತದೆ. ನೀರು ಎಲ್ಲಿಯವರೆಗೆ ಹರಡುತ್ತದೆ ಎಂಬ ನಕ್ಷೆ ಅದರ ಭಾಗ. ಅಂಥ ನಕ್ಷೆ ನೀರಾವರಿ ಕಚೇರಿಯ ಕಪಾಟಿನಲ್ಲಿದ್ದರೆ ಅಧಿಕಾರಿಗಳಿಗೆ ಉಪಯೋಗ, ಸಬ್ ರಿಜಿಸ್ಟ್ರಾರ್ ಕಚೇರಿಯ ಗೋಡೆಯ ಮೇಲಿದ್ದರೆ ಜನಕ್ಕೆ ಉಪಯೋಗ.

ಇವೆಲ್ಲಕ್ಕಿಂತ ಭಾರವಾದ ಆಕ್ಷೇಪ ಒಂದಿದೆ. ತಗ್ಗಿನ ಜಾಗ ಅಗ್ಗ, ಅದಕ್ಕೇ ಬಡವ ಅಲ್ಲಿ ಕೊಳ್ಳುತ್ತಾನೆ. ನಕ್ಷೆ ತೋರಿಸಿದರೆ ಅವನು ಬೇರೆಲ್ಲಿಗೆ ಹೋಗಬೇಕು? ಈ ಪ್ರಶ್ನೆಗೆ ಸುಲಭದ ಉತ್ತರ ಇಲ್ಲ. ಸರ್ಕಾರದ ಪರಿಹಾರ ಇದೆ ಎನ್ನುವುದು ಅರ್ಧ ಉತ್ತರ. 2019 ಮತ್ತು 2022ರ ಮಳೆಗಾಲಗಳಲ್ಲಿ ಕರ್ನಾಟಕ ಸರ್ಕಾರ ಪೂರ್ತಿ ಬಿದ್ದ ಮನೆಗೆ 5 ಲಕ್ಷ, ನೀರು ನುಗ್ಗಿದ ಮನೆಗೆ 10,000 ರೂಪಾಯಿ ಕೊಟ್ಟಿತು. ಕೇಂದ್ರದ ಮಾನದಂಡಕ್ಕಿಂತ ಅದು ಹೆಚ್ಚು, ಉಪಕಾರವೇ. ಆದರೆ ಪರಿಹಾರ ಆಯಾ ವರ್ಷದ ತೀರ್ಮಾನ, ಹಕ್ಕಲ್ಲ. ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ಮನೆಗಳಿಗೆ ಭೂಕಂದಾಯ ಕಾಯ್ದೆಯ 94ಸಿ, 94ಸಿಸಿ ಕಲಂಗಳ ಅಡಿ ಹಕ್ಕುಪತ್ರ ಕೊಡುವುದು ಬಡವರಿಗೆ ಸಿಕ್ಕ ದೊಡ್ಡ ನ್ಯಾಯ ಎಂದು ಒಪ್ಪುತ್ತೇನೆ. ಹಾಗೆ ಹಕ್ಕು ಕೊಡುವ ಹೊತ್ತಿನಲ್ಲಿ ಆ ಜಾಗ ಹಳ್ಳದ್ದೇ ಆಗಿದ್ದರೆ, ಅಪಾಯವನ್ನೂ ಮೊಹರು ಹಾಕಿ ಕೊಟ್ಟಂತೆ. ಬಡವನಿಗೆ ಸುಳ್ಳು ನೆಮ್ಮದಿಯ ಸೈಟು ಕೊಡುವುದು ಉಪಕಾರವಲ್ಲ. ವಿಚಾರಿಸುವ ಹೊಣೆಯನ್ನು ಅವನೊಬ್ಬನ ಹೆಗಲಿಗೆ ಹಾಕುವುದೂ ಸರಿಯಲ್ಲ. ಭೂಪರಿವರ್ತನೆಯ ಆದೇಶಕ್ಕೆ ಸಹಿ ಬೀಳುವ ಮೇಜು, ಲೇಔಟಿಗೆ ಮಂಜೂರಾತಿ ಕೊಡುವ ಮೇಜು, ಸಾಲ ಕೊಡುವ ಮೇಜು, ಈ ಮೂರರ ಮೇಲೆ ನೀರಿನ ಪ್ರಶ್ನೆ ಬರಬೇಕು. ಮೂರೂ ಕಡೆ ತಪ್ಪಿಸಿಕೊಂಡ ಪ್ರಶ್ನೆ ಕೊನೆಗೆ ಕೊಳ್ಳುವವನ ಮನೆಬಾಗಿಲಿಗೆ ನೀರಾಗಿ ಬರುತ್ತದೆ.

ಅದು ಆಗುವವರೆಗೆ ಕೊಳ್ಳುವವನಿಗೆ ಉಳಿದಿರುವುದು ಸರ್ವೆ ಇಲಾಖೆಯ ಹಳೆಯ ಕಾಗದಗಳು, ಮತ್ತು ಅವು ನಾವು ಅಂದುಕೊಂಡಷ್ಟು ದೂರವಿಲ್ಲ. ಸೈಟಿನ ಮೂಲ ಸರ್ವೆ ನಂಬರು ಯಾವುದು, ಅದರ ಆಕಾರಬಂದಿನಲ್ಲಿ ಬ-ಖರಾಬು ಎಷ್ಟು ಗುಂಟೆ, ಲೇಔಟಿನ ನಕ್ಷೆಯಲ್ಲಿ ಆ ಗುಂಟೆಗಳು ಎಲ್ಲಿ ಹೋದವು ಎಂದು ಹೋಲಿಸಿ ನೋಡಿದರೆ ಸಾಕು, ಅನೇಕ ಗುಟ್ಟುಗಳು ಬಿಚ್ಚಿಕೊಳ್ಳುತ್ತವೆ. ಗ್ರಾಮ ನಕ್ಷೆಯ ಹಳ್ಳದ ಗೆರೆ ಈಗ ರಸ್ತೆಯ ಮೋರಿಯಾಗಿ ಕಿರಿದಾಗಿದ್ದರೆ ಮಳೆ ಬಂದಾಗ ಅದು ತನ್ನ ಹಳೆಯ ಅಗಲವನ್ನೇ ಕೇಳುತ್ತದೆ. ಸರ್ವೆ ಇಲಾಖೆಯ ದಿಶಾಂಕ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರು, ಅದು ಸರ್ಕಾರಿ ಜಾಗವೋ, ಪಕ್ಕದಲ್ಲಿ ಕೆರೆ ಹಳ್ಳಗಳಿವೆಯೋ ಎಂದು ಅಲ್ಲೇ ನೋಡಬಹುದು. ಜಾಗದ ಸುತ್ತಲಿನ ಹೆಸರುಗಳನ್ನೂ ಕೇಳಬೇಕು. ಕೋಡಿಹಳ್ಳದ ಹೊಲ, ಕೆರೆಹಿಂದಲ ತೋಟ, ತೂಬಿನ ಗದ್ದೆ ಎಂದು ಹಳಬರು ಕರೆಯುವ ಜಾಗಕ್ಕೆ ಹೂವಿನದೋ ದೇವರದೋ ಹೆಸರಿಟ್ಟು ನಗರ ಎಂದು ಸೇರಿಸಿದರೂ ಹಳೆಯ ಹೆಸರು ಸುಳ್ಳಾಗುವುದಿಲ್ಲ.

ಈ ವಿಚಾರಣೆಗೆ ಹೆಚ್ಚು ಕಾಲ ಇಲ್ಲ ಎನ್ನಲು ಕಾರಣ ಭದ್ರಾ ಮೇಲ್ದಂಡೆ ಯೋಜನೆಯಲ್ಲೇ ಇದೆ. ವಾಣಿವಿಲಾಸ ಸಾಗರಕ್ಕೆ 2 ಟಿ.ಎಂ.ಸಿ. ಕೊಡುವುದರ ಜೊತೆಗೆ ಚಿತ್ರದುರ್ಗ, ತುಮಕೂರು, ದಾವಣಗೆರೆ, ಚಿಕ್ಕಮಗಳೂರು ಜಿಲ್ಲೆಗಳ 367 ಕೆರೆಗಳನ್ನು ಅವುಗಳ ಸಾಮರ್ಥ್ಯದ ಅರ್ಧದಷ್ಟು ತುಂಬಿಸುವುದು ಅದರ ಉದ್ದೇಶ. ಈ ಸೀಮೆ ಅದಕ್ಕಾಗಿ ದಶಕಗಟ್ಟಲೆ ಹೋರಾಡಿದೆ, ಆ ನೀರು ಬರಲೇಬೇಕು. ಬಂದ ದಿನ ಕೆರೆಯ ಲೆಕ್ಕ ಬದಲಾಗುತ್ತದೆ. ಬತ್ತಿದ ಕೆರೆಗೆ ದೊಡ್ಡ ಮಳೆ ಬಂದರೂ ಬಹುಪಾಲು ಅದರ ಒಡಲು ಹಿಡಿದುಕೊಳ್ಳುತ್ತಿತ್ತು. ಅರ್ಧ ತುಂಬಿ ನಿಂತ ಕೆರೆಗೆ ಕೋಡಿ ಬೀಳಲು ಉಳಿದರ್ಧದ ಮಳೆ ಸಾಕು. ಹೂಳು ತುಂಬಿದ್ದರೆ ಅಷ್ಟೂ ಬೇಡ. ಮೂವತ್ತು ನಲವತ್ತು ವರ್ಷದಿಂದ ನೀರು ಕಾಣದ ಕೋಡಿಹಳ್ಳಗಳು ಆಗ ಹರಿಯುತ್ತವೆ. ಆ ಹಳ್ಳಗಳ ಮೇಲೆ ಈಗ ಏನಿದೆ ಎಂದು ಪ್ರತಿ ಕೆರೆಯ ಕೋಡಿಯಿಂದ ಮುಂದಿನ ಕೆರೆಯವರೆಗೆ ನಡೆದು ಬರೆದಿಡುವ ಕೆಲಸ ನೀರು ಬರುವ ಮೊದಲೇ ಆಗಬೇಕು, ಆ ಪಟ್ಟಿ ಪಹಣಿಯ ಷರಾ ಕಾಲಮ್ಮಿಗೆ ಏರಬೇಕು.